ಕಾಫಿ ತೋಟದಲ್ಲಿ ದುಡಿದ ನಮ್ಮಜ್ಜಿಯ ಬಗ್ಗೆ ಬರೆಯಬೇಕು. ಆ ಕಾಲದ ಹೆಣ್ಣಾಳುಗಳ ಬದುಕು ಗೊತ್ತಿರುವವರು ಹೇಳಿ

ಲೈನ್‌ಮನೆ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮಮ್ಮನ ಅಮ್ಮ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಆಳಾಗಿ ದುಡಿದವರು. ಚಿಕ್ಕ ಹುಡುಗಿಯಾಗಿದ್ದಾಗಲೇ ಕೆಲಸಕ್ಕೆ ಸೇರಿದರಂತೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮದುವೆ, ಹೆರಿಗೆಗಳೆಲ್ಲ ಲೈನ್ ಮನೆಯಲ್ಲೇ, ಅಂದರೆ ತೋಟದ ಆಳುಗಳಿಗೆ ಸಾಲಾಗಿ ಕಟ್ಟಿದ ಮನೆಗಳಲ್ಲಿ. ಸೊಂಟ ಬಗ್ಗಿಸೋಕೆ ಆಗದೇ ಹೋದಮೇಲೆ ಚಿಕ್ಕಮಗಳೂರಿಗೆ ಬಂದು ಕಾಫಿ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸಿದರು. ಈಗ ಇಲ್ಲ.

ತಾತನ ಕಾಗದ ಪತ್ರ ಒಂದಿಷ್ಟು ಮನೆಯಲ್ಲಿವೆ. ಅಜ್ಜಿಯದು ಒಂದು ಚೀಟಿಯೂ ಇಲ್ಲ. ನೆಟ್‌ನಲ್ಲಿ ಹುಡುಕಿದರೆ ಬಾಬಾಬುಡನ್ ತಂದ ಏಳು ಬೀಜದ ಕಥೆ, ಬ್ರಿಟಿಷ್ ದೊರೆಗಳ ಬಂಗಲೆ, ಹೋಂಸ್ಟೇ. ಆ ಕಾಫಿ ಕುಯ್ದವರು ಯಾರು, ಬೆಳಿಗ್ಗೆ ಎಷ್ಟೊತ್ತಿಗೆ ಏಳುತ್ತಿದ್ದರು, ಕೂಲಿ ಹೇಗೆ ಸಿಗುತ್ತಿತ್ತು, ಮಳೆಗಾಲದಲ್ಲಿ ಏನು ಕೆಲಸ, ಕೂಸನ್ನು ಯಾರು ನೋಡಿಕೊಳ್ಳುತ್ತಿದ್ದರು, ಇದೆಲ್ಲ ಎಲ್ಲೂ ಇಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿದ್ದು ನೆನಪಿದ್ದರೆ ದಯವಿಟ್ಟು ಬರೆಯಿರಿ. ಚಿಕ್ಕ ವಿಷಯ ಆದರೂ ಸರಿ.

ಬಯಲುಸೀಮೆ ಹುಡುಗ

ಒಳ್ಳೆ ಕೆಲಸ ಅಕ್ಕ. ನಮ್ಮ ಕಡೂರು ಕಡೆಯಿಂದಲೂ ಬರಗಾಲ ಬಂದಾಗ ಕುಯ್ಲಿಗೆ ಮಲೆನಾಡಿಗೆ ಹೋಗುತ್ತಿದ್ದರು. ನಮ್ಮ ದೊಡ್ಡಮ್ಮ ಹೋಗಿದ್ದಾರೆ. ಕೇಳಿ ಹೇಳುತ್ತೇನೆ.

ಸಿಲ್ವರ್ ಮರ

ನಾನು ಹುಟ್ಟಿದ್ದೇ ಲೈನ್‌ನಲ್ಲಿ. ಅಮ್ಮ ಆಳು, ಅಪ್ಪ ಮರಗಸಿ ಮಾಡುವವರು, ಅಂದರೆ ನೆರಳಿನ ಮರ ಹತ್ತಿ ಕೊಂಬೆ ಕಡಿಯುವವರು. ನಾನು ಕಂಡಿದ್ದು ಮತ್ತು ಅಮ್ಮನ ಬಾಯಲ್ಲಿ ಕೇಳಿದ್ದು ಬರೆಯುತ್ತೇನೆ.

ಅಮ್ಮ ಕೋಳಿ ಕೂಗುವ ಮೊದಲೇ ಎದ್ದಿರುತ್ತಿದ್ದರು. ಹಳ್ಳದಿಂದ ಎರಡು ಕೊಡ ನೀರು, ಒಲೆ ಹಚ್ಚಿ ಬೆಲ್ಲದ ಕಾಫಿ, ಅಕ್ಕಿ ರೊಟ್ಟಿ, ಮಧ್ಯಾಹ್ನಕ್ಕೆ ಬುತ್ತಿ. ಸೌದೆ ಹಸಿಯಾಗಿದ್ದರೆ ಊದಿ ಊದಿ ಕಣ್ಣೆಲ್ಲ ಕೆಂಪು. ಅಷ್ಟರಲ್ಲಿ ಬಂಗಲೆ ಹತ್ತಿರ ನೇತುಹಾಕಿದ್ದ ರೈಲು ಕಂಬಿ ತುಂಡಿಗೆ ಹೊಡೆದು ಗಂಟೆ. ಎಲ್ಲರೂ ಸಾಲಾಗಿ ನಿಲ್ಲಬೇಕು, ಲೆಕ್ಕ ಬರೆಯುವ ರೈಟರ್ ಹಾಜರಿ ಕೂಗುತ್ತಿದ್ದರು. ಸ್ವಲ್ಪ ತಡವಾದರೆ ಅರ್ಧಾಳು ಅಂತ ಬರೆಯುವುದು, ಅಂದರೆ ಅರ್ಧ ದಿನದ ಕೂಲಿಯಷ್ಟೇ. ಮಗುವಿಗೆ ಹಾಲು ಕೊಟ್ಟು ತಡವಾಯಿತು ಅಂದರೂ ಅಷ್ಟೇ.

ಕುಯ್ಲು ಅಂದರೆ ಸುಮ್ನೆ ಹಣ್ಣು ಕೀಳುವುದಲ್ಲ. ಅರೇಬಿಕಾ ನವೆಂಬರ್‌ನಲ್ಲಿ ಶುರು, ರೋಬಸ್ಟಾ ಅದು ಮುಗಿಯುವ ಹೊತ್ತಿಗೆ. ಒಂದೇ ಗಿಡಕ್ಕೆ ಎರಡು ಮೂರು ಸಲ ಬರಬೇಕು, ಯಾಕಂದರೆ ಹಣ್ಣು ಒಟ್ಟಿಗೆ ಆಗುವುದಿಲ್ಲ. ಅಮ್ಮ ಎಡಗೈಯಲ್ಲಿ ರೆಕ್ಕೆ (ಗಿಡದ ಕೊಂಬೆ) ಬಗ್ಗಿಸಿ ಹಿಡಿದು ಬಲಗೈಯ ಎರಡು ಬೆರಳಲ್ಲಿ ಹಣ್ಣನ್ನು ಮಾತ್ರ ತಿರುಗಿಸಿ ಬಿಡಿಸುತ್ತಿದ್ದರು. ಹಸಿರು ಕಾಯಿ ಪಕ್ಕದಲ್ಲೇ ಅಂಟಿಕೊಂಡಿರುತ್ತೆ, ಅದು ಬರಬಾರದು. ರೆಕ್ಕೆ ಮುರಿದರೆ ಮುಂದಿನ ವರ್ಷದ ಫಸಲೂ ಹೋಯಿತು. ಇಷ್ಟನ್ನೂ ಮಾಡುತ್ತಾ ಪಕ್ಕದವಳ ಜೊತೆ ಮಾತಾಡುತ್ತಾ ಇರುತ್ತಿದ್ದರು, ಕಣ್ಣು ಗಿಡದ ಮೇಲೂ ಇರುತ್ತಿರಲಿಲ್ಲ. ಬೆರಳಿಗೇ ಗೊತ್ತಾಗುತ್ತಿತ್ತು. ಹಣ್ಣಿನ ಅಂಟು ಕೈಗೆ ಹತ್ತಿ ಕಪ್ಪಾದರೆ ಕುಯ್ಲು ಮುಗಿದು ಎಷ್ಟೋ ದಿನ ಹೋಗುತ್ತಿರಲಿಲ್ಲ.

ಸಂಜೆ ಚೀಲ ತಲೆ ಮೇಲೆ ಹೊತ್ತು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ. ಕುಯ್ದ ಹಣ್ಣು ಅವತ್ತೇ ಪಲ್ಪರ್‌ಗೆ ಹೋಗಬೇಕು, ಇಲ್ಲದಿದ್ದರೆ ಹುಳಿ ವಾಸನೆ ಬರುತ್ತೆ. ಅಳತೆ ಆಗಿ ಲೆಕ್ಕ ಬರೆಸಿ ಮನೆಗೆ ಬಂದಮೇಲೆ ಮತ್ತೆ ನೀರು, ಸೌದೆ, ಒಲೆ. ಗಂಡಸರು ಬೆಂಕಿ ಮುಂದೆ ಕೂತು ಬೀಡಿ ಹಚ್ಚುತ್ತಿದ್ದರು. ನಮ್ಮಪ್ಪನೂ ಅಷ್ಟೇ.

ಕಳಲೆ ಪಲ್ಯ

ಮಳೆಗಾಲದ್ದೂ ಹೇಳಿ ಸರ್. ಬಿದಿರು, ಎಲೆಯಿಂದ ಹೆಣೆದ ಗೊರಬು ಹಾಕಿಕೊಂಡು ಕೆಲಸ ಮಾಡಿದವರನ್ನು ಈಗಿನವರು ನೋಡಿಯೇ ಇಲ್ಲ.

ಸಿಲ್ವರ್ ಮರ

ಗೊರಬು ಜಾಸ್ತಿ ಗದ್ದೆ ನಾಟಿಗೆ. ತೋಟದೊಳಗೆ ಗಿಡಕ್ಕೆ ತಗುಲುತ್ತೆ ಅಂತ ನಮ್ಮಲ್ಲಿ ಕಂಬಳಿ ಕೊಪ್ಪೆಯೇ ಇತ್ತು. ಕಂಬಳಿ ನೆನೆದರೆ ಅದರ ಭಾರವೇ ಒಂದು ಮಗುವಿನಷ್ಟು. ಬೆಳಿಗ್ಗೆ ನೆನೆದದ್ದು ರಾತ್ರಿ ಒಲೆ ಮೇಲೆ ಹರಡಿದರೂ ಪೂರ್ತಿ ಒಣಗುತ್ತಿರಲಿಲ್ಲ. ಮರುದಿನ ಅದನ್ನೇ ಹೊದ್ದು ಹೊರಡಬೇಕು. ಇಂಬಳ (ರಕ್ತ ಹೀರುವ ಜಿಗಣೆ) ಹತ್ತದಿರಲಿ ಅಂತ ಕಾಲಿಗೆ ಹೊಗೆಸೊಪ್ಪು ಸುಣ್ಣ ಸವರಿಕೊಳ್ಳುತ್ತಿದ್ದರು. ಅರ್ಧ ಗಂಟೆಯಲ್ಲಿ ಮಳೆಗೆ ತೊಳೆದು ಹೋಗುತ್ತಿತ್ತು.

ಮಳೆ ಹಿಡಿಯುವ ಮೊದಲು ಗಿಡಕ್ಕೆ ರೋಗ ಬಾರದಂತೆ ಬೋರ್ಡೋ ಔಷಧಿ ಹೊಡೆಯಬೇಕು. ಮೈಲುತುತ್ತ ಸುಣ್ಣ ಕಲಸಿ ಪಂಪು ಹಿಡಿಯುವವರು ಗಂಡಸರು. ಡ್ರಮ್ಮಿಗೆ ನೀರು ತುಂಬುವವರು ಹೆಂಗಸರು. ಹಳ್ಳ ಕೆಳಗೆ, ಗಿಡ ಗುಡ್ಡದ ಮೇಲೆ. ದಿನವಿಡೀ ಕೊಡ ಹೊತ್ತು ಹತ್ತುವುದು, ಇಳಿಯುವುದು. ಆ ಕೆಲಸಕ್ಕೆ "ಸುಲಭದ ಕೆಲಸ" ಅಂತ ಹೆಸರು.

ಆನೆಮಹಲ್

ನಮ್ಮದು ಸಕಲೇಶಪುರದ ಹತ್ತಿರ ಸಣ್ಣ ತೋಟ. ಒಂದು ಮಾತು ಹೇಳಲೇಬೇಕು. ಎಲ್ಲಾ ತೋಟವೂ ದೊರೆ ಎಸ್ಟೇಟ್ ಅಲ್ಲ. ನಮ್ಮಜ್ಜಿ ಆಳುಗಳ ಜೊತೆಗೇ ಚೀಲ ಕಟ್ಟಿಕೊಂಡು ಕುಯ್ಯುತ್ತಿದ್ದರು. ಹೆರಿಗೆ ಆದ ಮನೆಗೆ ಅಕ್ಕಿ, ಬೆಲ್ಲ, ತುಪ್ಪ ಹೋಗುತ್ತಿತ್ತು. ಆಳುಗಳ ಮಕ್ಕಳ ಮದುವೆ ಖರ್ಚು ನಮ್ಮ ತಾತನೇ ನೋಡಿಕೊಂಡಿದ್ದಾರೆ. ಮನೆ ಮಂದಿ ತರಾನೇ ಇದ್ದರು. ಬರೆಯುವಾಗ ಬೆಳೆಗಾರರೆಲ್ಲ ರಾಕ್ಷಸರು ಅನ್ನುವ ಹಾಗೆ ಬರೆಯಬೇಡಿ.

ಸಿಲ್ವರ್ ಮರ

@ಆನೆಮಹಲ್ ಯಾರೂ ರಾಕ್ಷಸರು ಅಂದಿಲ್ಲ. ಒಂದೇ ಪ್ರಶ್ನೆ. ಕೆಲಸದ ಮಧ್ಯೆ ಕಾಫಿ ಕೊಡುತ್ತಿದ್ದರಲ್ಲ, ಯಾವುದರಲ್ಲಿ ಕೊಡುತ್ತಿದ್ದರು? ನಮ್ಮಮ್ಮನಿಗೆ ತೆಂಗಿನ ಕರಟದಲ್ಲಿ ಕೊಡುತ್ತಿದ್ದರು, ಮೇಲಿನಿಂದ ಸುರಿದು. ಕುಡಿದು ತೊಳೆದು ಬೇಲಿಗೆ ಸಿಕ್ಕಿಸಿ ಬರಬೇಕಿತ್ತು. ಅವರೇ ಕುಯ್ದು, ಅವರೇ ಕಣದಲ್ಲಿ ಒಣಗಿಸಿದ ಕಾಫಿ ಅದು. ಮನೆ ಮಂದಿಗೆ ಹೀಗೆ ಕೊಡುತ್ತಾರಾ?

ಚಾರ್ಮಾಡಿ

👏 ಸರಿಯಾದ ಪ್ರಶ್ನೆ.

ಆನೆಮಹಲ್

ಕರಟ ನಮ್ಮ ಹಿತ್ತಲಲ್ಲೂ ಇತ್ತು. ನಾನು ಹುಡುಗನಾಗಿದ್ದಾಗ ನೋಡಿದ್ದೇನೆ. ಅದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ, ಅದನ್ನೂ ಬರೆಯಲಿ. ತುಪ್ಪ ಕೊಟ್ಟದ್ದೂ ನಿಜ, ಕರಟದಲ್ಲಿ ಕೊಟ್ಟದ್ದೂ ನಿಜ. ಎರಡೂ ಒಂದೇ ಮನೆಯಲ್ಲಿ ನಡೆದಿದೆ.

ಚಾರ್ಮಾಡಿ

ನಮ್ಮದು ಘಟ್ಟದ ಕೆಳಗೆ, ಬೆಳ್ತಂಗಡಿ ಕಡೆ. ನಮ್ಮ ಹಿರಿಯರು ಏಣೇಲು (ಮಳೆಗಾಲದ ಭತ್ತ) ಕೊಯ್ಲು ಮುಗಿಸಿ ಚಾರ್ಮಾಡಿ ಹತ್ತಿ ನಡೆದುಕೊಂಡೇ ಬರುತ್ತಿದ್ದರು. ಪತ್ತನಾಜೆ ಹೊತ್ತಿಗೆ, ಅಂದರೆ ಮೇ ಕೊನೆಗೆ, ಮಳೆ ಬೀಳುವ ಮೊದಲು ವಾಪಸ್. ತಲೆ ಮೇಲೆ ಅಕ್ಕಿ ಗಂಟು, ಸೊಂಟದಲ್ಲಿ ಮಗು, ಒಣಮೀನಿನ ಪೊಟ್ಟಣ.

ಇವರನ್ನು ಕರೆದುಕೊಂಡು ಬರುವವನು ಮೇಸ್ತ್ರಿ. ಮಳೆಗಾಲದಲ್ಲಿ ಮನೆಯಲ್ಲಿ ಅಕ್ಕಿ ಮುಗಿದಾಗ ಮುಂಗಡ ಕೊಟ್ಟು ಹೆಸರು ಬರೆದುಕೊಳ್ಳುತ್ತಿದ್ದ. ಮುಂಗಡ ತಗೊಂಡವನು ಗಂಡ, ದುಡಿದು ತೀರಿಸುವವರು ಗಂಡ, ಹೆಂಡತಿ, ಮಕ್ಕಳು ಎಲ್ಲರೂ. ನಮ್ಮ ಅಜ್ಜಿ ಹೇಳುತ್ತಿದ್ದರು, ಎಷ್ಟು ದುಡ್ಡು ತಗೊಂಡಿದ್ದಾನೆ ಅಂತ ಅವರಿಗೆ ಘಟ್ಟ ಹತ್ತಿದ ಮೇಲೆಯೇ ಗೊತ್ತಾಗುತ್ತಿತ್ತಂತೆ. ಮುಂಗಡ ತಗೊಂಡು ಕೆಲಸಕ್ಕೆ ಬಾರದಿದ್ದರೆ ಜೈಲಿಗೆ ಕಳಿಸಬಹುದಾದ ಕಾನೂನು ಬ್ರಿಟಿಷರ ಕಾಲದಲ್ಲಿತ್ತು, 1859ರದ್ದು. ಅದು ಹೋದಮೇಲೂ ಹೆದರಿಕೆ ಹೋಗಿರಲಿಲ್ಲ.

ಕೋರ್ಟ್ ರಸ್ತೆ

ಕಾನೂನಿನ ವಿಷಯ ಬಂದಿದ್ದರಿಂದ ಹೇಳುತ್ತೇನೆ, ನಾನು ಕಾರ್ಮಿಕ ಕೇಸುಗಳನ್ನು ನೋಡಿದವನು.

ದೊಡ್ಡ ಬದಲಾವಣೆ ಬಂದಿದ್ದು 1951ರ ಪ್ಲಾಂಟೇಶನ್ ಲೇಬರ್ ಆಕ್ಟ್‌ನಿಂದ. ಕುಡಿಯುವ ನೀರು, ಮನೆ, ಔಷಧಿ, ಹೆರಿಗೆ ಭತ್ಯೆ, ವಾರಕ್ಕೊಂದು ರಜೆ ಇವೆಲ್ಲ ಅದರಲ್ಲಿ ಬಂದವು. 50 ಅಥವಾ ಜಾಸ್ತಿ ಹೆಣ್ಣಾಳುಗಳಿದ್ದರೆ ಮಕ್ಕಳನ್ನು ನೋಡಿಕೊಳ್ಳೋಕೆ ಜಾಗ ಮಾಡಿ, ತರಬೇತಾದ ಹೆಂಗಸನ್ನು ಇಡಬೇಕಿತ್ತು. ರಾತ್ರಿ 7ರಿಂದ ಬೆಳಿಗ್ಗೆ 6ರವರೆಗೆ ಅನುಮತಿ ಇಲ್ಲದೆ ಹೆಂಗಸರಿಂದ ಕೆಲಸ ಮಾಡಿಸುವ ಹಾಗಿರಲಿಲ್ಲ. 12 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚುವ ಹಾಗಿರಲಿಲ್ಲ. ಕೊಡೆ, ಕಂಬಳಿ, ರೇನ್‌ಕೋಟ್ ಕೊಡಿಸುವ ನಿಯಮ ಮಾಡುವ ಅಧಿಕಾರವನ್ನೂ ಅದೇ ಕಾಯ್ದೆ ಸರ್ಕಾರಕ್ಕೆ ಕೊಟ್ಟಿತು. ಮೇಲೆ ಒಬ್ಬರು ಬರೆದ ನೆನೆದ ಕಂಬಳಿಗೂ ಕಾನೂನಿಗೂ ಸಂಬಂಧ ಇತ್ತು ಅಂತ ಗೊತ್ತಿರಲಿ.

ಬಯಲುಸೀಮೆ ಹುಡುಗ

ಹಾಗಾದರೆ 1951ರಿಂದ ಎಲ್ಲಾ ಸರಿ ಹೋಯಿತಾ ಸರ್?

ಕೋರ್ಟ್ ರಸ್ತೆ

ಇಲ್ಲ. ಮೊದಲಿಗೆ ಅದು 25 ಎಕರೆ ಮತ್ತು 30 ಆಳು ಇರುವ ತೋಟಕ್ಕೆ ಮಾತ್ರ. ಮಲೆನಾಡಿನ ಸಣ್ಣ ತೋಟಗಳು ಅದರ ಹೊರಗೇ ಉಳಿದವು. 1981ರ ತಿದ್ದುಪಡಿಯಲ್ಲಿ 5 ಹೆಕ್ಟೇರು, 15 ಆಳು ಅಂತ ಇಳಿಸಿದರು. ಇನ್ನು ಸಮಾನ ಕೂಲಿ ಅಂತ ಕಾಯ್ದೆ ಆಗಿದ್ದು 1976ರಲ್ಲಿ. ಅಲ್ಲಿಯವರೆಗೆ ಹೆಣ್ಣಾಳಿಗೆ ಬೇರೆ ದರ, ಗಂಡಾಳಿಗೆ ಬೇರೆ ದರ. ಅದು ರಾಜಾರೋಷವಾಗಿಯೇ ನಡೆಯುತ್ತಿತ್ತು.

ಗುಡ್ಡದ ಗಾಳಿ

ಗಂಡಾಳು ಮರ ಹತ್ತಬೇಕು, ಗುಂಡಿ ತೆಗೆಯಬೇಕು. ಮರಗಸಿಯಲ್ಲಿ ಬಿದ್ದು ಸತ್ತವರಿದ್ದಾರೆ. ಕೂಲಿ ಜಾಸ್ತಿ ಇದ್ದರೆ ತಪ್ಪೇನು?

ಹೇಮಾವತಿ ತೀರ

@ಗುಡ್ಡದ ಗಾಳಿ ಮರ ಹತ್ತಿದ ದಿನ ಜಾಸ್ತಿ ಕೊಡಲಿ, ಯಾರು ಬೇಡ ಅಂದರು. ಇಬ್ಬರೂ ಅಕ್ಕಪಕ್ಕ ನಿಂತು ಕಳೆ ಕಿತ್ತ ದಿನ? ಕಾಂಡಕೊರಕ ಹುಳ ಬಾರದಂತೆ ಒಂದೊಂದೇ ಗಿಡದ ಕಾಂಡ ಉಜ್ಜಿದ ದಿನ? ಆಗಲೂ ಹೆಣ್ಣಾಳಿಗೆ ಕಡಿಮೆಯೇ ಅಲ್ವಾ? ಕುಯ್ಲಿನಲ್ಲಂತೂ ಹೆಂಗಸರ ಕೈಗೆ ಸಮ ಇಲ್ಲ ಅಂತ ಮೇಸ್ತ್ರಿಗಳೇ ಹೇಳುತ್ತಿದ್ದರು.

ಗುಡ್ಡದ ಗಾಳಿ

ಕುಯ್ಲಿಗೆ ಅಳತೆ ಮೇಲೆ ಕೊಡುತ್ತಿದ್ದರಲ್ಲ, ಅಲ್ಲಿ ಗಂಡು ಹೆಣ್ಣು ಭೇದ ಎಲ್ಲಿ ಬಂತು?

ಹೇಮಾವತಿ ತೀರ

ಅಳತೆ ಲೆಕ್ಕ ಕುಯ್ಲಿಗೆ ಮಾತ್ರ, ವರ್ಷದ ಉಳಿದ ತಿಂಗಳೆಲ್ಲ ದಿನಗೂಲಿ. ಅದೂ ಅಲ್ಲದೆ ಹೆಂಡತಿ ಕುಯ್ದದ್ದನ್ನು ಗಂಡನ ಹೆಸರಿನಲ್ಲೇ ಬರೆಯುವುದು ಎಷ್ಟೋ ಕಡೆ ರೂಢಿ. ಕೂಲಿ ಕೊಡುವ ಬಟವಾಡೆ ದಿನ ದುಡ್ಡು ಅವನ ಕೈಗೆ. ಅಲ್ಲಿಂದ ಹೆಂಡದಂಗಡಿಗೆ ಎಷ್ಟು, ಸಂತೆಗೆ ಎಷ್ಟು ಅನ್ನುವುದು ಅವನ ಮರ್ಜಿ. ಮೊಮ್ಮಗಳು ಕೇಳುತ್ತಿದ್ದಾಳಲ್ಲ ಅಜ್ಜಿಯ ಒಂದು ಚೀಟಿಯೂ ಯಾಕಿಲ್ಲ ಅಂತ, ಇದಕ್ಕೇ ಇಲ್ಲ.

ಸಿಲ್ವರ್ ಮರ

ಬಟವಾಡೆ ಅಂದಾಗ ನೆನಪಾಯಿತು. 1957ರಲ್ಲಿ ನಯಾಪೈಸೆ ಬಂದಾಗ ಅಮ್ಮನಿಗೆ ಆದ ಸಂಕಟ. ನಾಲ್ಕಾಣೆಗೆ 25 ಪೈಸೆ ಸರಿ. ಆದರೆ ಒಂದಾಣೆಗೆ 6 ಪೈಸೆ. ಒಂದೊಂದೇ ಆಣೆಯಾಗಿ ನಾಲ್ಕು ಸಲ ಸಾಮಾನು ಮಾರಿದರೆ 24 ಪೈಸೆಯೇ ಆಗುವುದು. ಅಮ್ಮ ಕೆಸುವಿನ ಸೊಪ್ಪು, ಕಳಲೆ ಕೊಯ್ದು ಬಂಗಲೆಯವರಿಗೆ ಆಣೆ ಲೆಕ್ಕದಲ್ಲಿ ಮಾರುತ್ತಿದ್ದರು. ಓದು ಬಾರದಿದ್ದರೂ ಒಂದು ಪೈಸೆ ಹೋಗುತ್ತಿದೆ ಅಂತ ಅವರೇ ಕಂಡುಹಿಡಿದು, ಮುಂದೆ ನಾಲ್ಕಾಣೆಗೆ ಕಡಿಮೆ ಮಾರುವುದಿಲ್ಲ ಅಂತ ಕೂತರು.

ಕಳಲೆ ಪಲ್ಯ

ಎಂಥಾ ಲೆಕ್ಕದ ತಲೆ! ಕಳಲೆ ಅಂದಮೇಲೆ ಕೇಳಲೇಬೇಕು, ನೀರು ಬದಲಾಯಿಸಿ ನೆನೆಹಾಕುತ್ತಿದ್ದರಾ ಲೈನ್‌ನಲ್ಲಿ? ನಮ್ಮನೇಲಿ ಮೂರು ದಿನ.

ಚಾರ್ಮಾಡಿ

ಮೂರು ದಿನ ಬೇಕೇ ಬೇಕು, ಇಲ್ಲದಿದ್ದರೆ ಕಹಿ ಮತ್ತು ವಿಷ. ಹಲಸಿನ ಬೀಜ, ಒಣಮೀನು, ಹಳ್ಳದ ಏಡಿ ಇದ್ದರೆ ಮಳೆಗಾಲ ದಾಟುತ್ತಿತ್ತು.

ಬಯಲುಸೀಮೆ ಹುಡುಗ

ಚಗಳಿ ಚಟ್ನಿ ಬಿಟ್ಟಿರಲ್ಲ. ಕುಯ್ಯುವಾಗ ಕಚ್ಚುವ ಇರುವೆಯನ್ನೇ ರುಬ್ಬಿ ತಿನ್ನುವುದು. ದೊಡ್ಡಮ್ಮ ಬಯಲುಸೀಮೆಗೆ ವಾಪಸ್ ಬಂದಮೇಲೂ ಅದನ್ನೇ ನೆನೆಸಿಕೊಳ್ಳುತ್ತಾರೆ. ನೆಗಡಿಗೆ ಅದಕ್ಕಿಂತ ಮದ್ದಿಲ್ಲವಂತೆ.

ಲೈನ್‌ಮನೆ ಮೊಮ್ಮಗಳು

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಊಟದ ವಿಷಯವೂ ಬೇಕು, ಬರೆಯುತ್ತಾ ಇರಿ. ಎರಡು ವಿಷಯ ಕೇಳಬೇಕಿತ್ತು. ಅಜ್ಜಿಯ ಮೊದಲ ಎರಡು ಮಕ್ಕಳು ಉಳಿಯಲಿಲ್ಲ ಅಂತ ಅಮ್ಮ ಹೇಳುತ್ತಾರೆ, "ಜ್ವರ" ಅಂತಷ್ಟೇ. ಅದು ಯಾವ ಜ್ವರ ಇರಬಹುದು? ಮತ್ತೆ ಕ್ಯೂರಿಂಗ್ ಕೆಲಸದ ಬಗ್ಗೆ ಯಾರೂ ಹೇಳಲಿಲ್ಲ.

ಮಂಜರಾಬಾದ್

ಖಚಿತವಾಗಿ ಯಾರೂ ಹೇಳೋಕಾಗದು, ಆದರೆ ಆ ಕಾಲದ ಮಲೆನಾಡಿನಲ್ಲಿ ಮಲೇರಿಯಾ ಮನೆಮನೆಯಲ್ಲೂ ಇತ್ತು. ಚಳಿಜ್ವರ, ಹೊಟ್ಟೆಯ ಎಡಕ್ಕೆ ಗಡ್ಡೆ, ಮೈ ಬಿಳಚಿಕೊಳ್ಳುವುದು. ಬಸುರಿಯರಿಗೆ ಬಂದರೆ ಮಗು ಉಳಿಯುವುದೇ ಕಷ್ಟ. ಕ್ವಿನೈನ್ ಇತ್ತು, ಎಲ್ಲರ ಕೈಗೂ ಸಿಗುತ್ತಿರಲಿಲ್ಲ. 1953ರಲ್ಲಿ ದೇಶದಾದ್ಯಂತ ಮಲೇರಿಯಾ ನಿಯಂತ್ರಣ ಶುರುವಾಗಿ ಮನೆ ಗೋಡೆಗೆಲ್ಲ ಡಿಡಿಟಿ ಹೊಡೆದ ಮೇಲೆ ಕಡಿಮೆಯಾಯಿತು. ನಿಮ್ಮಮ್ಮ ಹುಟ್ಟಿದ್ದು ಆಮೇಲೆ ಇರಬೇಕು, ಕೇಳಿ ನೋಡಿ.

ದಾಖಲೆ ಹುಡುಕುವುದಾದರೆ ಒಂದು ಮುಖ್ಯ ವಿಷಯ. 1947ಕ್ಕೆ ಮೊದಲು ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಅಂತಲೇ ಹೆಸರು. ಹಳೇ ಗೆಜೆಟಿಯರ್, ಜನಗಣತಿ ಎಲ್ಲದರಲ್ಲೂ ಹಾಗೇ ಇದೆ. ಸಕಲೇಶಪುರ ತಾಲ್ಲೂಕಿಗೆ ಮಂಜರಾಬಾದ್ ಅಂತ ಹೆಸರಿತ್ತು. ಹೊಸ ಹೆಸರಿನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

ಲೈನ್‌ಮನೆ ಮೊಮ್ಮಗಳು

ಅಮ್ಮ ಹುಟ್ಟಿದ್ದು 1956ರಲ್ಲಿ.

ಹೇಮಾವತಿ ತೀರ

ಕ್ಯೂರಿಂಗ್ ಬಗ್ಗೆ ನಾನು ಹೇಳುತ್ತೇನೆ. ನಮ್ಮಮ್ಮ ಹಾಸನದಲ್ಲಿ ಇದೇ ಕೆಲಸ ಮಾಡಿದವರು, ಮದುವೆಗೆ ಮೊದಲು ಶುರು ಮಾಡಿ ಕಣ್ಣು ಮಂಜಾಗುವವರೆಗೆ.

ತೋಟದಿಂದ ಕಾಫಿ ಎರಡು ರೂಪದಲ್ಲಿ ಬರುತ್ತೆ. ಪಲ್ಪ್ ಮಾಡಿ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್, ಹಣ್ಣನ್ನು ಹಾಗೇ ಒಣಗಿಸಿದ ಚೆರಿ. ಅಲ್ಲಿ ಸಿಪ್ಪೆ ಬಿಡಿಸಿ, ಜರಡಿಯಲ್ಲಿ ಗಾತ್ರದ ಪ್ರಕಾರ ಬೇರೆ ಮಾಡುತ್ತಾರೆ. ಅಲ್ಲಿಗೆ ಮಿಷಿನ್ ಕೆಲಸ ಮುಗಿಯಿತು. ಆಮೇಲಿನದು ಹೆಂಗಸರ ಕಣ್ಣು. ಉದ್ದನೆ ಹಾಲ್‌ನಲ್ಲಿ ಸಾಲು ಸಾಲಾಗಿ ಕೂತು, ಮುಂದೆ ಬೀಜದ ರಾಶಿ ಹಾಕಿಕೊಂಡು ಕರಿಬೀಜ, ತುಂಡು, ಹುಳ ಕೊರೆದದ್ದು, ಬಣ್ಣಗೆಟ್ಟದ್ದು ಒಂದೊಂದೇ ಆರಿಸಿ ತೆಗೆಯಬೇಕು. ಒಂದು ಕೊಳೆತ ಬೀಜ ಉಳಿದರೂ ರುಚಿ ಕೆಡುತ್ತೆ ಅಂತ ಮತ್ತೆ ಸುರಿದು ನೋಡುತ್ತಿದ್ದರು. ಸರಿ ಇಲ್ಲದಿದ್ದರೆ ಇಡೀ ಚೀಲ ಮತ್ತೆ ಆರಿಸಬೇಕು, ಅದಕ್ಕೆ ಕೂಲಿ ಇಲ್ಲ.

ಧೂಳು ಅಂದರೆ ಧೂಳು. ಅಮ್ಮನಿಗೆ ಕೆಮ್ಮು ಬಂದು ಕೂತದ್ದು ಅಲ್ಲೇ. ಸಂಜೆ ಹೊರಗೆ ಬರುವಾಗ ಗೇಟಿನಲ್ಲಿ ನಿಲ್ಲಿಸಿ ಸೆರಗು ಕೊಡವಿಸಿ, ಬುತ್ತಿ ಡಬ್ಬಿ ತೆಗೆಸಿ ನೋಡುತ್ತಿದ್ದರು. ಆಗ ಕಾಫಿಯೆಲ್ಲ ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೆ ಹೋಗಬೇಕಿತ್ತು, ಬೆಳೆದವನೇ ಹೊರಗೆ ಮಾರುವ ಹಾಗಿರಲಿಲ್ಲ. ಅದು ಪೂರ್ತಿ ಹೋಗಿದ್ದು 1996ಕ್ಕೆ. ಹಾಗಾಗಿ ಒಂದೊಂದು ಬೀಜಕ್ಕೂ ಕಾವಲು. ಅಮ್ಮ ಬೇರೆಲ್ಲ ನಗುತ್ತಾ ಹೇಳುತ್ತಾರೆ, ಆ ಗೇಟಿನ ವಿಷಯ ಬಂದರೆ ಈಗಲೂ ಮಾತು ನಿಲ್ಲಿಸುತ್ತಾರೆ.

ಆದರೆ ಒಂದು. ತೋಟಕ್ಕಿಂತ ಇದೇ ಮೇಲು ಅನ್ನುತ್ತಾರೆ. ಸೂರು ಇತ್ತು, ಇಂಬಳ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡದು, ಚೀಲದ ಲೆಕ್ಕ ಅವರ ಹೆಸರಿನಲ್ಲೇ ಬರೆಯುತ್ತಿದ್ದರು, ದುಡ್ಡು ಅವರ ಕೈಗೇ ಬರುತ್ತಿತ್ತು. ನಾವು ಹೈಸ್ಕೂಲು ಮುಗಿಸಿದ್ದು ಆ ದುಡ್ಡಲ್ಲಿ. ಆಮೇಲೆ ಬಣ್ಣ ನೋಡಿ ಬೀಜ ಬೇರೆ ಮಾಡುವ ಮಿಷಿನ್ ಬಂತು, ಸಾಲುಗಳು ಕಡಿಮೆಯಾದವು.

ಆನೆಮಹಲ್

ಪ್ಲಾಂಟೇಶನ್ ಎ ಅಂತ ಒಳ್ಳೆ ಗ್ರೇಡ್ ಬಂದರೆ ನಮ್ಮ ತಾತ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ಆರಿಸಿದವರು ಯಾರು ಅಂತ ಮನೆಯಲ್ಲಿ ಒಂದು ದಿನವೂ ಮಾತು ಬಂದದ್ದಿಲ್ಲ. ಇದನ್ನು ನಮ್ಮ ಬೆಳೆಗಾರರ ಗುಂಪಿನಲ್ಲೂ ಹಾಕುತ್ತೇನೆ. ಹಳೇ ತೋಟಗಳಲ್ಲಿ ಹಾಜರಿ ಪುಸ್ತಕ ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಾ ಬಿದ್ದಿವೆ. ಎಸೆಯುವ ಮೊದಲು ಫೋಟೋ ತೆಗೆದಿಡಿ ಅಂತ ಹೇಳುತ್ತೇನೆ.

ಸಿಲ್ವರ್ ಮರ

ಅದೊಂದು ಕೆಲಸ ಮಾಡಿಸಿ ಸರ್, ದೊಡ್ಡ ಉಪಕಾರ. ಆದರೆ ಹಳೇ ಪುಸ್ತಕದಲ್ಲಿ "ಹೆಣ್ಣಾಳು 14" ಅಂತ ಬರೀ ಸಂಖ್ಯೆ ಇದ್ದರೂ ಇರಬಹುದು.

ಕೋರ್ಟ್ ರಸ್ತೆ

ಅದಕ್ಕೇ ಪಿಎಫ್ (ಕಾರ್ಮಿಕರ ಭವಿಷ್ಯ ನಿಧಿ) ದಾಖಲೆ ಹಿಡಿಯಿರಿ. ದೊಡ್ಡ ತೋಟ ಅಥವಾ ಕ್ಯೂರಿಂಗ್‌ನಲ್ಲಿ ಪಿಎಫ್ ಕಟ್ಟಿದ್ದರೆ ಪ್ರತಿಯೊಬ್ಬರಿಗೂ ಬೇರೆ ನಂಬರ್. ಹೆಂಗಸಿನ ಹೆಸರು, ವಯಸ್ಸು, ವಾರಸುದಾರರು ಎಲ್ಲಾ ಅದರಲ್ಲಿರುತ್ತೆ. ಚಿಕ್ಕಮಗಳೂರಿನಲ್ಲೇ ಪಿಎಫ್ ಕಚೇರಿ ಇದೆ. ನಂಬರ್ ಇಲ್ಲದಿದ್ದರೆ ಸಂಸ್ಥೆ ಹೆಸರು, ಸುಮಾರು ವರ್ಷ, ಅಜ್ಜಿಯ ಮರಣ ಪತ್ರ ತಗೊಂಡು ನಿಮ್ಮಮ್ಮನನ್ನೇ ಕರೆದುಕೊಂಡು ಹೋಗಿ. ವಾರಸುದಾರರು ಎದುರಿಗೇ ಇದ್ದರೆ ಕೆಲಸ ಬೇಗ ಆಗುತ್ತೆ.

ಚಾರ್ಮಾಡಿ

ಕ್ರಿಶ್ಚಿಯನ್ನರಾಗಿದ್ದರೆ ಚರ್ಚಿನಲ್ಲಿ ಜ್ಞಾನಸ್ನಾನದ ಪುಸ್ತಕ ನೋಡಿ, ತಾಯಿ ಹೆಸರು ಬರೆದಿರುತ್ತಾರೆ. ನಮ್ಮ ಅಜ್ಜಿಯ ಅಕ್ಕಂದಿರ ಹೆಸರು ನಮಗೆ ಸಿಕ್ಕಿದ್ದು ಹಾಗೆ.

ಲೈನ್‌ಮನೆ ಮೊಮ್ಮಗಳು

ನಾವು ಕ್ರಿಶ್ಚಿಯನ್ನರಲ್ಲ. ಪಿಎಫ್ ಕಚೇರಿಗೆ ಅಮ್ಮನ ಜೊತೆ ಹೋಗುತ್ತೇನೆ. @ಹೇಮಾವತಿ ತೀರ ಅಕ್ಕ, ನಿಮ್ಮ ತಾಯಿಯವರ ಹತ್ತಿರ ನಾನೂ ಒಮ್ಮೆ ಮಾತಾಡಬಹುದಾ? ರೆಕಾರ್ಡ್ ಮಾಡಿಕೊಳ್ಳಲು ಅವರು ಒಪ್ಪಿದರೆ ಮಾತ್ರ.

ಹೇಮಾವತಿ ತೀರ

ಬಾ ತಾಯಿ, ಖಂಡಿತ. ಮಧ್ಯಾಹ್ನ ಊಟ ಆದಮೇಲೆ ಮಾತಿಗೆ ಚೆನ್ನಾಗಿ ಸಿಗುತ್ತಾರೆ. "ತುಂಬಾ ಕಷ್ಟ ಇತ್ತಾ" ಅಂತ ಕೇಳಬೇಡ, "ಹೂಂ" ಅಂದು ಸುಮ್ಮನಾಗುತ್ತಾರೆ. ಒಂದು ಹಿಡಿ ಹಸಿ ಕಾಫಿ ಬೀಜ ತಗೊಂಡು ಬಾ, ಆರಿಸದೇ ಇರೋದು. ತಟ್ಟೆಗೆ ಸುರಿದು ಮುಂದಿಟ್ಟು ಇದರಲ್ಲಿ ಯಾವುದು ತೆಗೆಯಬೇಕು ಅಂತ ಕೇಳು. ಆಮೇಲೆ ನೀನು ನಿಲ್ಲಿಸು ಅಂದರೂ ನಿಲ್ಲಿಸುವುದಿಲ್ಲ. ವಿಳಾಸ ಮೆಸೇಜ್ ಮಾಡುತ್ತೇನೆ.